ಹೊಸ ಧೂಮಕೇತು: ಹುಡುಕುವುದೋ, ದೃಢಪಡಿಸುವುದೋ?

ಹುಡುಕಿದವರ ಹೆಸರು ಧೂಮಕೇತುವಿಗೆ ಬರುತ್ತದೆ, ಬೇರೆಯವರು ಕಂಡದ್ದು ನಿಜಕ್ಕೂ ಧೂಮಕೇತುವೇ ಎಂದು ದೃಢಪಡಿಸಿದವರದು ಬರುವುದಿಲ್ಲ. ಆದರೂ ಹೊಸಬರಿಗೆ ನನ್ನ ಸಲಹೆ ಎರಡನೆಯದೇ.

ಹುಡುಕಾಟದಲ್ಲಿ ಪೈಪೋಟಿ ದೊಡ್ಡದು. 1995ರಲ್ಲಿ ಅಮೆರಿಕದ ಆಕಾಶವೀಕ್ಷಕರಾದ ಹೇಲ್ ಮತ್ತು ಬಾಪ್ ದೂರದರ್ಶಕದ ಐಪೀಸಿಗೆ ಕಣ್ಣಿಟ್ಟೇ ಹೊಸ ಧೂಮಕೇತುವನ್ನು ಕಂಡರು. ಇಂದು ಪ್ಯಾನ್‌ಸ್ಟಾರ್ಸ್, ಅಟ್ಲಾಸ್‌ನಂಥ ಸ್ವಯಂಚಾಲಿತ ದೂರದರ್ಶಕಗಳ ಆಕಾಶ ಸಮೀಕ್ಷೆಗಳು ಹೆಚ್ಚಿನವನ್ನು ಮೊದಲೇ ಹಿಡಿಯುತ್ತವೆ. ಹವ್ಯಾಸಿಗೆ ಮುಖ್ಯವಾಗಿ ಉಳಿದಿರುವುದು ನಸುಕು, ಮುಸ್ಸಂಜೆಯಲ್ಲಿ ಸೂರ್ಯನಿಗೆ ಹತ್ತಿರದ ಆಕಾಶ. 2019ರಲ್ಲಿ ಹವ್ಯಾಸಿ ಗೆನ್ನಡಿ ಬೋರಿಸೊವ್ ತಾವೇ ತಯಾರಿಸಿದ 65 ಸೆಂ.ಮೀ. ದೂರದರ್ಶಕದಿಂದ ಅಂತರತಾರಾ (ಸೌರವ್ಯೂಹದ ಹೊರಗಿನಿಂದ ಬಂದ) ಧೂಮಕೇತುವನ್ನು ಪತ್ತೆಮಾಡಿದ್ದು ಅಂಥ ನಸುಕಿನಲ್ಲೇ. ಎಂಥ ಸಾಧನೆ!

ದೃಢೀಕರಣದಲ್ಲಿ ಎತ್ತ ನೋಡಬೇಕೆಂಬುದು ಮೊದಲೇ ಗೊತ್ತು. ಕ್ಷುದ್ರಗ್ರಹ, ಧೂಮಕೇತುಗಳ ವೀಕ್ಷಣೆಗಳನ್ನು ಜಗತ್ತಿನೆಲ್ಲೆಡೆಯಿಂದ ಸಂಗ್ರಹಿಸುವ ಮೈನರ್ ಪ್ಲಾನೆಟ್ ಸೆಂಟರ್ ಶಂಕಿತ ಧೂಮಕೇತುಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಕ್ಯಾಮೆರಾ ಮತ್ತು ನಿಖರ ಗಡಿಯಾರ ಕಡ್ಡಾಯ. ಸರಣಿ ಚಿತ್ರಗಳನ್ನು ಕಾಯದ ಚಲನೆಗೆ ಹೊಂದಿಸಿ ಒಂದರ ಮೇಲೊಂದು ಕೂಡಿಸಬೇಕು. ಸುತ್ತಲಿನ ನಕ್ಷತ್ರಗಳ ಬಿಂಬಕ್ಕಿಂತ ಅದು ಅಗಲವಾಗಿ, ಮಸುಕಾಗಿ ಕಂಡರೆ ಅನಿಲ-ದೂಳಿನ ಹೊದಿಕೆಯ ಸುಳಿವು. ಚುಕ್ಕೆಯಂತೆಯೇ ಉಳಿದರೆ ಕ್ಷುದ್ರಗ್ರಹವೂ ಇರಬಹುದು. ಬೇರೆ ಬೇರೆ ರಾತ್ರಿಗಳ ಸ್ಥಾನಮಾಪನ ಸೇರಿದಷ್ಟೂ ಕಕ್ಷೆ ಖಚಿತವಾಗುತ್ತದೆ.

ಕ್ಯಾಮೆರಾ ಇಲ್ಲದೆ, ಕಣ್ಣಿನಿಂದಲೇ ಆಕಾಶ ಜಾಲಾಡುವ ಆಸೆಯಿದ್ದರೆ ಮಾತ್ರ ಹುಡುಕಾಟಕ್ಕಿಳಿಯಿರಿ. ಆಗ ಗೆಲಾಕ್ಸಿ, ನೀಹಾರಿಕೆಗಳ ನಕ್ಷೆ ಬಾಯಿಪಾಠವಾಗಿರಲಿ. ಮಸುಕು ಕಲೆ ನಕ್ಷತ್ರಗಳ ನಡುವೆ ಸರಿಯುತ್ತಿದೆಯೇ ಎಂದು ಖಚಿತಪಡಿಸಿಕೊಂಡೇ ವರದಿ ಕಳಿಸಿ.