ಬೇಸ್1 ಆಂಟಿಬಾಡಿ, ಮೊಲದ ಮಾನೋಕ್ಲೋನಲ್: ವರ್ಷಗಟ್ಟಲೆ ಬಳಸಿದ್ಮೇಲೆ ನನ್ನ ಅಭಿಪ್ರಾಯ

ಹೊಸಬರಿಗೆ ಮೊದ್ಲು ಒಂದು ಮಾತು. ಆಂಟಿಬಾಡಿ ಅಂದ್ರೆ ನಮಗೆ ಬೇಕಾದ ಒಂದು ಪ್ರೋಟೀನಿಗೆ ಅಂಟಿಕೊಂಡು ಅದನ್ನ ತೋರಿಸಿಕೊಡೋ ಪ್ರೋಟೀನ್, ಮಾನೋಕ್ಲೋನಲ್ ಅಂದ್ರೆ ಎಲ್ಲಾ ಒಂದೇ ಥರದ ಆಂಟಿಬಾಡಿ. ಬೇಸ್1 ಅಂದ್ರೆ ನರಕೋಶಗಳಲ್ಲಿರೋ ಎಪಿಪಿ ಅನ್ನೋ ಪ್ರೋಟೀನನ್ನ ಮೊದಲು ಕತ್ತರಿಸೋ ಎನ್‌ಜೈಮ್, ಆಮೇಲೆ ಗಾಮಾ ಸಿಕ್ರಿಟೇಸ್ ಅನ್ನೋ ಬೇರೆ ಎನ್‌ಜೈಮ್ ಇನ್ನೊಂದು ಕಡೆ ಕತ್ತರಿಸುತ್ತೆ, ಆಗ ಹೊರಗೆ ಬರೋದೇ ಅಲ್ಝೈಮರ್ ಮಿದುಳಲ್ಲಿ ಪ್ಲಾಕ್ (ಪ್ರೋಟೀನ್ ಗಡ್ಡೆ) ಕಟ್ಟೋ ಅಮಿಲಾಯ್ಡ್ ಬೀಟಾ. 1999ರಲ್ಲೇ ಇದರ ಗುರುತು ಸಿಕ್ಕಿದೆ, ಆದ್ರೆ ಟಿಶ್ಯೂನಲ್ಲಿ ಇದನ್ನ ನಂಬೋ ಹಾಗೆ ತೋರಿಸೋ ಆಂಟಿಬಾಡಿ ಹುಡುಕೋದು ಇವತ್ತಿಗೂ ಸುಲಭ ಅಲ್ಲ.

ನಾನು ಈ ಮೊಲದ ಮಾನೋಕ್ಲೋನಲ್ ಇಟ್ಕೊಂಡಿರೋದಕ್ಕೆ ಕಾರಣ ಒಂದೇ, ಬೇಸ್1 ಜೀನ್ ತೆಗೆದ ನಾಕೌಟ್ ಇಲಿ ಮಿದುಳಿನ ವೆಸ್ಟರ್ನ್ ಬ್ಲಾಟಲ್ಲಿ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬಿಡಿಸಿ ಆಂಟಿಬಾಡಿಯಿಂದ ಗುರುತಿಸೋ ವಿಧಾನ) ಬ್ಯಾಂಡ್, ಅಂದ್ರೆ ಆ ಪ್ರೋಟೀನಿನ ಗೆರೆ, ಪೂರ್ತಿ ಮಾಯ ಆಗುತ್ತೆ. ಇದಕ್ಕಿಂತ ಮುಂಚೆ ಬೇರೆ ಕಂಪನಿಯ ಪಾಲಿಕ್ಲೋನಲ್ (ಹಲವು ಥರದ ಆಂಟಿಬಾಡಿಗಳ ಮಿಶ್ರಣ) ಇತ್ತು, ಬ್ಯಾಂಡ್ ಏನೋ ಚೆನ್ನಾಗೇ ಬರ್ತಿತ್ತು, ಆದ್ರೆ ನಾಕೌಟ್ ಲೇನಲ್ಲೂ (ಆ ಇಲಿಯ ಸ್ಯಾಂಪಲ್ ಓಡಿಸಿದ ಸಾಲಲ್ಲೂ) ಅದೇ ಜಾಗದಲ್ಲಿ ಅಷ್ಟೇ ಗಾಢವಾಗಿ ಬರ್ತಿತ್ತು, ಅಂದ್ರೆ ಅದು ನೋಡ್ತಿದ್ದಿದ್ದು ಬೇಸ್1 ಅಲ್ಲವೇ ಅಲ್ಲ! ದಯವಿಟ್ಟು ಪೆಪ್ಟೈಡ್ ಬ್ಲಾಕಿಂಗ್ ಚಿತ್ರ (ಆಂಟಿಬಾಡಿ ಗುರುತಿಸೋ ಪ್ರೋಟೀನ್ ತುಂಡನ್ನೇ ಮೊದಲು ಅದಕ್ಕೆ ಅಂಟಿಸಿ ಮಾಡೋ ಪರೀಕ್ಷೆ) ನೋಡಿ ಸಮಾಧಾನ ಮಾಡ್ಕೋಬೇಡಿ, ತಪ್ಪು ಪ್ರೋಟೀನಿಗೆ ಅಂಟಿದ್ರೂ ಆ ಪೆಪ್ಟೈಡ್ ಹಾಕಿದ್ರೆ ಸಿಗ್ನಲ್ ಹೋಗೇ ಹೋಗುತ್ತೆ.

ವೆಸ್ಟರ್ನ್ ಬ್ಲಾಟಲ್ಲಿ ಬ್ಯಾಂಡ್ 70 ಕಿಲೋಡಾಲ್ಟನ್ ಹತ್ರ ಸ್ವಲ್ಪ ಅಗಲವಾಗಿ ಬರುತ್ತೆ, ಗಾಬರಿ ಬೇಡ, ಅದು ಸಕ್ಕರೆ ಸರಪಳಿಗಳಿಂದ ಆಗೋದು, ಆ ಸಕ್ಕರೆ ಕತ್ತರಿಸೋ ಪಿಎನ್‌ಜೇಸ್ ಎಫ್ ಎನ್‌ಜೈಮ್ ಹಾಕಿದ್ರೆ 50ರ ಹತ್ರ ಇಳಿಯುತ್ತೆ. ಪೊರೆಯಲ್ಲಿ ಕೂತಿರೋ ಪ್ರೋಟೀನಾದ್ರಿಂದ ಟ್ರೈಟಾನ್ ಥರದ ಡಿಟರ್ಜೆಂಟ್ ಇಲ್ದೆ ಸರಿಯಾಗಿ ಬಿಡಿಸಿಕೊಳ್ಳಲ್ಲ. ಇಲಿ ಮಿದುಳಿಗೆ ಇಲಿಯದ್ದೇ ಆಂಟಿಬಾಡಿ ಹಾಕಿದ್ರೆ ಸೆಕೆಂಡರಿ (ಮೊದಲ ಆಂಟಿಬಾಡಿಗೆ ಅಂಟಿ ಸಿಗ್ನಲ್ ಕೊಡೋ ಎರಡನೇ ಆಂಟಿಬಾಡಿ) ಹೋಗಿ ಟಿಶ್ಯೂನಲ್ಲಿರೋ ಇಲಿಯ ಸ್ವಂತ ಆಂಟಿಬಾಡಿ ಐಜಿಜಿಗೂ ಅಂಟುತ್ತೆ, ಅದರ ಭಾರದ ಸರಪಳಿನೂ 50ರ ಹತ್ರಾನೇ ಇರೋದ್ರಿಂದ ಓದೋದು ಗೊಂದಲ, ಮೊಲದ್ದರಲ್ಲಿ ಆ ತಲೆನೋವಿಲ್ಲ.

ಸ್ಟೇನಿಂಗ್, ಅಂದ್ರೆ ಮಿದುಳಿನ ತೆಳು ತುಂಡಲ್ಲೇ ಆಂಟಿಬಾಡಿ ಹಾಕಿ ನೋಡೋದು, ನನಗೆ ತುಂಬಾ ಇಷ್ಟವಾದ ಭಾಗ. ನೆನಪಿನ ಕೆಲಸ ಮಾಡೋ ಹಿಪೊಕ್ಯಾಂಪಸ್‌ನಲ್ಲಿ ಮಾಸಿ ಫೈಬರ್ ಅನ್ನೋ ನರತಂತುಗಳ ದಾರಿ ಎದ್ದು ಕಾಣುತ್ತೆ, ನರಕೋಶದ ಬಾಡಿಗಿಂತ ಆಕ್ಸಾನ್ ತುದಿಗಳಲ್ಲೇ ಜಾಸ್ತಿ, ಎಲ್ಲಾ ಕೋಶದ ಬಾಡಿಗಳೂ ಒಂದೇ ಸಮ ಹೊಳೀತಿದ್ರೆ ಅನುಮಾನ ಪಡಿ. ಪ್ಲಾಕ್ ಇರೋ ಇಲಿಗಳಲ್ಲಂತೂ ಪ್ಲಾಕ್ ಸುತ್ತ ಊದಿಕೊಂಡ ನ್ಯೂರೈಟ್‌ಗಳಲ್ಲಿ (ನರಕೋಶದ ಎಳೆಗಳಲ್ಲಿ) ಬೇಸ್1 ತುಂಬಿಕೊಂಡಿರೋದು ಎಷ್ಟು ಸ್ಪಷ್ಟ ಅಂದ್ರೆ, ಕಾಯಿಲೆ ಇರೋ ಜಾಗದಲ್ಲೇ ಈ ಎನ್‌ಜೈಮ್ ಕೂಡಿಹಾಕಿಕೊಳ್ಳೋದನ್ನ ಕಣ್ಣಾರೆ ನೋಡೋದು ಇವತ್ತಿಗೂ ನನಗೆ ರೋಮಾಂಚನ.

ಮನುಷ್ಯರ ಮಿದುಳಿನ ಟಿಶ್ಯೂ ಕಷ್ಟ. ವಯಸ್ಸಾದವರಲ್ಲಿ ಕೋಶಗಳಲ್ಲಿ ಕೂಡಿಕೊಳ್ಳೋ ಲಿಪೊಫಸಿನ್ ಅನ್ನೋ ವರ್ಣಕ ತಾನೇ ಹೊಳೆಯುತ್ತೆ, ಆ ಹೊಳಪು ಅಡಗಿಸೋ ಸುಡಾನ್ ಬ್ಲ್ಯಾಕ್ ಬಣ್ಣ ಹಚ್ಚದೆ ಫ್ಲೋರೆಸೆನ್ಸ್ ಚಿತ್ರ ತೆಗೆದ್ರೆ ಪ್ರಯೋಜನ ಇಲ್ಲ. ಫಾರ್ಮಲಿನ್‌ನಲ್ಲಿ ತುಂಬಾ ಕಾಲ ಇದ್ದ ತುಂಡುಗಳಲ್ಲಿ ಆಂಟಿಬಾಡಿ ಅಂಟೋ ಜಾಗ ಮತ್ತೆ ತೆರೆಯೋಕೆ ಸಿಟ್ರೇಟ್ ಬಫರಲ್ಲಿ ಕಾಯಿಸಿದ್ರೂ ಸಿಗ್ನಲ್ ಮಂಕು.

ಐದಕ್ಕೆ ನಾಲ್ಕು ಕೊಡ್ತೀನಿ, ಆ ಒಂದು ಕಳೆದಿದ್ದು ಹಳೇ ಫಾರ್ಮಲಿನ್ ಟಿಶ್ಯೂಗೆ. ಇಲಿ ಮಿದುಳಿನ ಬ್ಲಾಟ್‌ಗಾದ್ರೆ ಯೋಚನೆ ಮಾಡ್ದೆ ತಗೊಳ್ಳಿ, ನಾಕೌಟ್ ಲೇನ್ ಮಾತ್ರ ನಿಮ್ಮ ಲ್ಯಾಬಲ್ಲೂ ಒಂದ್ಸಲ ಓಡಿಸಿ.