ನೀರುಚಿಗಟದ ಚಿತ್ರಕ್ಕೆ ಕ್ಯಾಮೆರಾ ಲ್ಯೂಸಿಡಾ: ಪುಣೆಯಲ್ಲಿ ಕೊಂಡ ಉಪಕರಣದ ವಿಮರ್ಶೆ

ನಿಂತ ನೀರಿನಲ್ಲಿ ಬದುಕುವ ಸೀಗಡಿ ಬಳಗದ ಸೂಕ್ಷ್ಮ ಜೀವಿಯಾದ ನೀರುಚಿಗಟದಲ್ಲಿ ಅಪರೂಪದ ಒಂದರ ಪ್ರಭೇದವನ್ನು ಗೊತ್ತುಮಾಡಲು ಛಾಯಾಚಿತ್ರಕ್ಕಿಂತ ಅಳತೆಗೆ ತಕ್ಕ ರೇಖಾಚಿತ್ರವೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆ ಕೆಲಸಕ್ಕೆಂದೇ ಸದಾಶಿವ ಪೇಠೆಯ ವಿಜ್ಞಾನ ಉಪಕರಣಗಳ ಅಂಗಡಿಯೊಂದರಲ್ಲಿ ಕನ್ನಡಿ ಮಾದರಿಯ ಕ್ಯಾಮೆರಾ ಲ್ಯೂಸಿಡಾ ಕೊಂಡೆ; ಮೈಕ್ರೋಸ್ಕೋಪಿನ ಬಿಂಬವನ್ನೂ ಪಕ್ಕದ ಹಾಳೆಯನ್ನೂ ಒಂದರ ಮೇಲೊಂದು ಕಾಣಿಸಿ, ಕಂಡದ್ದನ್ನೇ ಗೆರೆ ಹಿಡಿದು ಬರೆಯಲು ನೆರವಾಗುವ ಉಪಕರಣವಿದು. ಅಂಗಡಿಯವರು ಬೆಳಗಾವಿ ಕಡೆಯವರು. "ನಿಮ್ಮ ಸ್ಲೈಡ್ ಇಟ್ಟು ನೋಡ್ರಿ ಸರ, ಆಮ್ಯಾಲೆ ರೊಕ್ಕದ ಮಾತು" ಎಂದು ತಮ್ಮ ಮೈಕ್ರೋಸ್ಕೋಪಿಗೇ ಜೋಡಿಸಿ ತೋರಿಸಿದರು. ಇಂಥ ಉಪಕರಣವನ್ನು ಹೀಗೆ ಪರೀಕ್ಷಿಸದೆ ಕೊಳ್ಳಲೇಬಾರದು.

ಸಿಂಹಗಡದಂಥ ಕೋಟೆಗಳ ಬಂಡೆಗುಂಡಿಗಳಲ್ಲಿ ಮಳೆಗಾಲದ ನೀರು ನಿಂತಾಗ ಸಿಗುವ ಕೈಡೋರಿಡೇ ಕುಟುಂಬದ ಚಿಗಟಗಳಲ್ಲಿ ಅನೇಕವು ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತುಗಳು ದೇಹದ ಹಿಂತುದಿಯ ಹಲ್ಲುಗಳಲ್ಲಿ, ಅಲ್ಲಿನ ಉಗುರಿನ ಬುಡದ ಮುಳ್ಳಿನಲ್ಲಿ, ತಲೆಯ ಮೇಲಿನ ಸಣ್ಣ ರಂಧ್ರಗಳ ಜೋಡಣೆಯಲ್ಲಿ, ಬಿಡಿಸಿ ತೆಗೆದ ಕಾಲುಗಳ ಬಿರುಗೂದಲುಗಳಲ್ಲಿ ಇರುತ್ತವೆ. ಗ್ಲಿಸರಿನ್‌ನಲ್ಲಿ ಕೂರಿಸಿದ ಕಾಲೊಂದನ್ನು ಕ್ಯಾಮೆರಾದಲ್ಲಿ ಹಿಡಿದರೆ ಒಂದು ಪದರ ಮಾತ್ರ ಸ್ಪಷ್ಟವಾಗಿ ಬಂದು ಉಳಿದದ್ದು ಮಸುಕಾಗುತ್ತದೆ. ಲ್ಯೂಸಿಡಾದಲ್ಲಾದರೋ ಸೂಕ್ಷ್ಮ ಫೋಕಸ್ ತಿರುಗಿಸುತ್ತ, ಪ್ರತಿ ಪದರದ ಕೂದಲನ್ನೂ ಅದರದೇ ಜಾಗದಲ್ಲಿ ಒಂದೇ ಹಾಳೆಯ ಮೇಲೆ ಇಳಿಸಬಹುದು. ಪೆನ್ಸಿಲಿನ ಮೊನೆಯೂ ಕೂದಲ ತುದಿಯೂ ಒಟ್ಟಿಗೆ ಕಾಣುತ್ತವೆ.

40 ಪಟ್ಟಿನ ಲೆನ್ಸ್‌ನಲ್ಲಿ ಉಪಕರಣದ ಕೆಲಸ ಅಚ್ಚುಕಟ್ಟಾಗಿದೆ. ಸ್ಲೈಡಿನ ಮೇಲೆ ಎಣ್ಣೆಹನಿ ಇಟ್ಟು ನೋಡುವ 100 ಪಟ್ಟಿನ ಲೆನ್ಸಿಗೆ ಬದಲಿಸಿದೊಡನೆ ಬೆಳಕು ತೀರಾ ಕುಂದುವುದರಿಂದ, ಬಣ್ಣದ ಗಾಜುಗಳಿಂದ ಹಾಳೆಯ ಹೊಳಪನ್ನು ತಗ್ಗಿಸದೆ ಏನೂ ಕಾಣದು. ಕನ್ನಡಿಯ ತಿರುಪು ಸಡಿಲವಾಗಿದ್ದು, ಕೋನ 45 ಡಿಗ್ರಿಯಿಂದ ಸರಿದರೆ ಚಿತ್ರ ಒಂದು ಕಡೆಗೆ ಎಳೆದಂತಾಗುತ್ತದೆ. ಆದ್ದರಿಂದ ಸ್ಟೇಜ್ ಮೈಕ್ರೋಮೀಟರಿನ, ಅಂದರೆ ಅಳತೆಗೆರೆ ಕೊರೆದ ಗಾಜಿನ ಸ್ಲೈಡಿನ, 10 ಮೈಕ್ರಾನ್ ಗೆರೆಗಳನ್ನು ಹಾಳೆಯ ನಾಲ್ಕೂ ಅಂಚಿನಲ್ಲಿ ಬರೆದು ತಾಳೆ ನೋಡಿಯೇ ಕೆಲಸ ಆರಂಭಿಸಬೇಕು.

ಇಷ್ಟು ಬಿಗಿ ಏಕೆಂದರೆ, ಕೈಡೋರಸ್ ಸ್ಫೆರಿಕಸ್ ಎಂಬ ಒಂದೇ ಹೆಸರಿನಡಿ ಲೋಕವೆಲ್ಲ ದಾಖಲಿಸುತ್ತಿದ್ದ ಚಿಗಟದೊಳಗೆ ಹಲವು ಪ್ರಭೇದಗಳಿವೆ ಎಂದು ಪ್ರಾಣಿಶಾಸ್ತ್ರಜ್ಞ ಡೇವಿಡ್ ಫ್ರೇ 1980ರಲ್ಲಿ ತೋರಿಸಿದ್ದು ಇಂಥ ಸಣ್ಣ ವ್ಯತ್ಯಾಸಗಳನ್ನು ಹೋಲಿಸಿಯೇ. ಯುರೋಪಿನ ಪ್ರಭೇದದ ಹೆಸರನ್ನು ನಮ್ಮ ಸಹ್ಯಾದ್ರಿಯ ಚಿಗಟಕ್ಕೆ ಕಣ್ಣುಮುಚ್ಚಿ ಅಂಟಿಸಿದರೆ ಇಲ್ಲಿನ ಅಪರೂಪದ ಜೀವಿ ದಾಖಲೆಯಲ್ಲಿ ಇಲ್ಲವೇ ಇಲ್ಲದಂತಾಗುತ್ತದೆ. ಗಂಡು ಸಿಗುವುದು ವಿರಳವಾದ್ದರಿಂದ ಸಿಕ್ಕ ಒಂದರ ಮೊದಲ ಕಾಲಿನ ಕೊಕ್ಕೆಯನ್ನು ಚಿತ್ರಿಸುವಾಗ ಕೈತಪ್ಪಿಗೆ ಅವಕಾಶವಿಲ್ಲ.

ಪುಣೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಈ ಉಪಕರಣ ಕೊಳ್ಳಿರೆಂದು ಧೈರ್ಯವಾಗಿ ಹೇಳುತ್ತೇನೆ. ಕನ್ನಡಿಯ ತೋಳು ಬಲಕ್ಕೆ ಮಾತ್ರ ಚಾಚುವುದರಿಂದ ಎಡಗೈಯಲ್ಲಿ ಬರೆಯುವವರು ಬೇರೆ ಮಾದರಿ ಕೇಳುವುದು ಒಳ್ಳೆಯದು.