ಮಿಲ್‌ಗೆ ಅಂಡರ್‌ಗ್ರೌಂಡ್ ಕೇಬಲ್ ಹಾಕ್ಸಿದ್ದು, 5ಕ್ಕೆ 3 ಸ್ಟಾರ್
ದಾವಣಗೆರೇಲಿ ನಮ್ಮ ಅಕ್ಕಿ ಮಿಲ್‌ಗೆ 11 ಕೆವಿ (11 ಸಾವಿರ ವೋಲ್ಟ್) ಕೇಬಲ್ ಎರಡು ಹಾಕ್ಸಿದ್ವಿ, ಕಾಂಟ್ರಾಕ್ಟರ್ ಹೆಸರು ಬೇಡ ಬಿಡ್ರಿ. ಟ್ರೆಂಚ್ ಕೆಲಸ ಕ್ಲೀನ್, ಕೆಳಗೂ ಮೇಲೂ ಮರಳು ಹಾಕಿ ಅದ್ರ ಮೇಲೆ ಇಟ್ಟಿಗೆ ಸಾಲು ಜೋಡ್ಸಿ ಮುಚ್ಚಿದ್ರು. ಆದ್ರೆ ರೋಡ್ ಕ್ರಾಸಿಂಗಲ್ಲಿ ಎರಡು ಕೇಬಲ್ಲೂ ಒಂದೇ ಪೈಪಿಗೆ ತುರುಕಿದಾರೆ ನೋಡ್ರಿ! ಕರೆಂಟ್ ಹರಿದಾಗ ಕೇಬಲ್ ಬಿಸಿಯಾಗುತ್ತೆ, ಆ ಬಿಸಿ ಹೊರಗೆ ಹೋಗ್ಬೇಕಲ್ಲ. ದೊಡ್ಡ ವೋಲ್ಟೇಜಿನ ಹಳೇ ಆಯಿಲ್ ಕೇಬಲ್ ಆಗಿದ್ರೆ ಎಣ್ಣೆ ಹರಿಸಿ ಬಿಸಿ ತೆಗೀಬೋದಿತ್ತು, ಇದು ಎಕ್ಸ್‌ಎಲ್‌ಪಿಇ, ಅಂದ್ರೆ ಪ್ಲಾಸ್ಟಿಕ್ ಇನ್ಸುಲೇಶನ್ ಇರೋ ಕೇಬಲ್, ಒಳಗೆ ಹರಿಯೋದೇನೂ ಇಲ್ಲ, ಸುತ್ತ ಇರೋ ಮಣ್ಣೇ ಬಿಸಿ ಎಳ್ಕೋಬೇಕು, ಕಂಡಕ್ಟರ್, ಅಂದ್ರೆ ಒಳಗಿನ ತಂತಿ, 90 ಡಿಗ್ರಿ ದಾಟ್ಬಾರ್ದು. ಪೈಪೊಳಗೆ ನಿಂತ ಗಾಳಿ ಬಿಸಿ ಸಲೀಸಾಗಿ ಹೊರಗೆ ಬಿಡಲ್ಲ. ಅದ್ರ ಮೇಲೆ ನಮ್ಮ ಎರೆ ಮಣ್ಣು, ಬೇಸಿಗೇಲಿ ಒಣಗಿ ಬಿರುಕು ಬಿಟ್ರೆ ಅಲ್ಲೂ ಬರೀ ಗಾಳಿನೇ. ಕೇಳಿದ್ರೆ 'ಏನಾಗಲ್ಲ ಬಿಡ್ರಿ ಸರ' ಅಂತಾರೆ. ಬಿಲ್ ಮಾತ್ರ ಕರೆಕ್ಟ್ ಟೈಮಿಗೆ ಕಳಿಸಿದ್ರು.